ಅಮ್ಮ ಊರಲ್ಲಿ, ಬಾಣಂತಿ ಡೊಂಬಿವಲಿಯಲ್ಲಿ: ಎದೆಹಾಲಿನ ಬಗ್ಗೆ ನಿಮ್ಮ ಪ್ರಶ್ನೆಗಳು

(ಜುಲೈ 2021)

ಈ ಸಲ ಬಂದಿರೋ ಪತ್ರ, ಮೇಲ್, ವಾಟ್ಸಾಪ್ ವಾಯ್ಸ್ ಮೆಸೇಜು ಎಲ್ಲದ್ರಲ್ಲೂ ಒಂದೇ ಗೋಳು. ಹೆರಿಗೆ ಆಗಿದೆ, ತವರಿಂದ ಯಾರೂ ಬರೋಕಾಗ್ತಿಲ್ಲ, ಮಗು ಸರಿಯಾಗಿ ಹಾಲು ಕುಡೀತಿದ್ಯೋ ಇಲ್ವೋ ನೋಡಿ ಹೇಳೋರು ಯಾರೂ ಇಲ್ಲ. ಈ 2021ರ ಕೋವಿಡ್ ಕಾಲದಲ್ಲಿ ಮುಂಬೈ ಲೋಕಲ್ ಟ್ರೇನು ಇನ್ನೂ ಎಲ್ಲರಿಗೂ ಓಪನ್ ಆಗಿಲ್ಲ, ರಾಜ್ಯದ ಗಡಿ ದಾಟಬೇಕಂದ್ರೆ ಕೋವಿಡ್ ಇಲ್ಲ ಅನ್ನೋ ಆರ್‌ಟಿಪಿಸಿಆರ್ ರಿಪೋರ್ಟು, ಕ್ಲಿನಿಕ್ಕಿಗೆ ಹೋದ್ರೆ ತಾಯಿ ಮಗು ಬಿಟ್ಟು ಮೂರನೆಯವರನ್ನ ಒಳಗೆ ಬಿಡಲ್ಲ. ಮುಂದಿನ ವಾರ, ಆಗಸ್ಟ್ 1ರಿಂದ 7ರ ತನಕ, ಸ್ತನ್ಯಪಾನ ಸಪ್ತಾಹ ಅಂತ ಎಲ್ಲಾ ಕಡೆ ಪೋಸ್ಟರ್ ಬರತ್ತೆ, ಪೋಸ್ಟರಲ್ಲಿ ಯಾವಾಗ್ಲೂ ನಗ್ತಾ ಇರೋ ತಾಯೀನೇ ಇರ್ತಾಳೆ, ತೊಟ್ಟು ಒಡೆದು ಹಲ್ಲು ಕಚ್ಕೊಂಡು ಕೂತಿರೋಳ ಫೋಟೋ ನಾನಂತೂ ಇದುವರೆಗೆ ನೋಡಿಲ್ಲ. ಅದಕ್ಕೆ ಈ ತಿಂಗಳು ಥೈರಾಯ್ಡು, ಮುಟ್ಟು, ಕೂದಲು ಉದುರೋದು ಎಲ್ಲಾ ಪಕ್ಕಕ್ಕಿಟ್ಟಿದೀನಿ. ಅರ್ಜೆಂಟ್ ಇದ್ದವರಿಗೆ ಆಗ್ಲೇ ಫೋನಲ್ಲಿ ಹೇಳಿಯಾಗಿದೆ, ಅದನ್ನೇ ಬೇರೆಯವರಿಗೂ ಆಗ್ಲಿ ಅಂತ ಇಲ್ಲಿ ಬರೀತಿದೀನಿ. ಇನ್ನೊಂದ್ಸಲ ಹೇಳಿಬಿಡ್ತೀನಿ, ನಾನು ಹೆರಿಗೆ ವಾರ್ಡಲ್ಲಿ ಸಿಸ್ಟರ್ ಆಗಿದ್ದವಳು, ಡಾಕ್ಟರಲ್ಲ, ಔಷಧಿ ವಿಷಯ ಬಂದ ಕಡೆ ಡಾಕ್ಟರನ್ನ ಕೇಳಿ ಅಂತಾನೇ ಹೇಳೋದು.

ಪ್ರಶ್ನೆ: ಅಕ್ಕ, ನಾನು ಮುಂಬೈ ಹತ್ರ ಡೊಂಬಿವಲಿ ಈಸ್ಟಲ್ಲಿರೋದು, ಊರು ಶಿವಮೊಗ್ಗ. ಸಿಸೇರಿಯನ್ ಆಗಿ 12 ದಿನ ಆಯ್ತು, ಗಂಡು ಮಗು. ಅಮ್ಮ ಬರೋಳಿದ್ಲು, ಅಷ್ಟರಲ್ಲಿ ಅಪ್ಪಂಗೆ ಕೋವಿಡ್ ಬಂತು, ಅಮ್ಮಂಗೆ ಮನೆ ಬಿಟ್ಟು ಹೊರಡೋಕೆ ಆಗ್ಲಿಲ್ಲ. ಆಸ್ಪತ್ರೇಲಿ ಮೊದಲ ರಾತ್ರೀನೇ "ನಿಮಗೆ ಹಾಲು ಬಂದಿಲ್ಲ, ಮಗು ಅಳ್ತಿದೆ" ಅಂತ ಪುಡಿ ಹಾಲು ಕೊಟ್ರು, ಡಿಸ್ಚಾರ್ಜ್ ಆಗೋವಾಗ ಇನ್ನೊಂದು ಡಬ್ಬಿ ತರೋಕೆ ಹೇಳಿ ಕಳಿಸಿದ್ರು. ಈಗ ದಿನಕ್ಕೆ ಮೂರು ಸಲ ಬಾಟ್ಲಿ, ಉಳಿದ ಟೈಮಲ್ಲಿ ನಂದು. ಎದೆಗೆ ಹಾಕಿದ್ರೆ ಪ್ರಾಣ ಹೋಗೋಷ್ಟು ನೋವು, ಎಡಗಡೆ ತೊಟ್ಟು ಒಡೆದಿದೆ. ಹುಟ್ಟಿದಾಗ 2.9 ಕೆಜಿ, ಮೊನ್ನೆ 2.75. ಅತ್ತೆ ಫೋನಲ್ಲಿ "ನಮ್ಮ ಕಡೆ ಹೆಂಗಸರಿಗೆ ಹಾಲು ಕಮ್ಮೀನೇ, ಸುಮ್ನೆ ಡಬ್ಬಿ ಹಾಲು ಕೊಡು" ಅಂತಾರೆ. ನಂಗೆ ನಿಜವಾಗ್ಲೂ ಹಾಲಿಲ್ವಾ? ಪಂಪಲ್ಲಿ ತೆಗೆದ್ರೆ 20 ಎಮ್ಮೆಲ್ಲೂ ಬರಲ್ಲ. ವಿಡಿಯೋ ಕಾಲಲ್ಲಿ ಕನ್ಸಲ್ಟೆಂಟ್ ಸಿಗ್ತಾರಂತೆ, ಅದ್ರಿಂದ ಏನಾದ್ರೂ ಉಪಯೋಗ ಇದ್ಯಾ, ಹಂಗೆ ಫೋನ್ ಮುಂದೆ ಕೂರೋಕೆ ಮುಜುಗರ ಬೇರೆ.

ಉತ್ತರ: ಮೊದಲು ತೂಕದ ಲೆಕ್ಕ ಮುಗಿಸೋಣ, ನಿಮ್ಮ ನಿದ್ದೆ ಹಾಳಾಗ್ತಿರೋದು ಅದ್ರಿಂದಾನೇ ಅನ್ಸತ್ತೆ. ಹುಟ್ಟಿದ ಮಕ್ಕಳ ತೂಕ ಮೊದಲ ದಿನಗಳಲ್ಲಿ ನೂರಕ್ಕೆ ಏಳರಷ್ಟು, ಕೆಲವೊಮ್ಮೆ ಹತ್ತರಷ್ಟು ಇಳಿಯತ್ತೆ, ಎರಡು ವಾರದ ಹೊತ್ತಿಗೆ ಹುಟ್ಟಿದ ತೂಕಕ್ಕೆ ವಾಪಸ್ ಬರ್ಬೇಕು. ನಿಮ್ಮದು ನೂರಕ್ಕೆ ಐದು ಚಿಲ್ಲರೆ ಕಮ್ಮಿ ಇದೆ, ಭಯ ಬೀಳೋ ಅಂಕಿ ಅಲ್ಲ, ಆದ್ರೆ ಬಿಟ್ಟು ಸುಮ್ನಿರೋ ಅಂಕೀನೂ ಅಲ್ಲ. ಇನ್ನೆರಡು ದಿನಕ್ಕೆ ಮಕ್ಕಳ ಡಾಕ್ಟರ ಹತ್ರ ಹೋಗಿ ಅದೇ ತಕ್ಕಡೀಲಿ, ಬಟ್ಟೆ ಡೈಪರ್ ತೆಗೆದು ತೂಗಿಸಿ. ಮನೇಲಿ ನೀವು ತೂಗೋ ಮೆಷೀನ್ ಮೇಲೆ ಮಗು ಎತ್ಕೊಂಡು ನಿಂತು ಕಳೆದು ನೋಡೋದೆಲ್ಲ ಮಾಡ್ಬೇಡಿ, ಅದ್ರಲ್ಲಿ ನೂರು ಗ್ರಾಂ ಆ ಕಡೆ ಈ ಕಡೆ ಆಗ್ತಾನೇ ಇರತ್ತೆ, ಸುಮ್ನೆ ತಲೆ ಕೆಡತ್ತೆ. ಮನೇಲಿ ನೋಡ್ಬೇಕಾದ್ದು ಉಚ್ಚೆ ಕಕ್ಕ. ಐದನೇ ದಿನ ದಾಟಿದ ಮೇಲೆ 24 ಗಂಟೇಲಿ ಆರಕ್ಕಿಂತ ಕಮ್ಮಿ ಸಲ ಉಚ್ಚೆ ಮಾಡಿದ್ರೆ, ಉಚ್ಚೆ ಗಾಢ ಹಳದಿ ಇದ್ರೆ, ಕಕ್ಕ ಇನ್ನೂ ಕಪ್ಪಗೇ ಇದ್ರೆ, ಅಥವಾ ಮಗು ಎಬ್ಬಿಸಿದ್ರೂ ಏಳದೆ ಮಂಕಾಗಿ ಮಲಗಿದ್ರೆ ಮರುದಿನದ ತನಕ ಕಾಯ್ಬೇಡಿ, ಅವತ್ತೇ ತೋರಿಸಿ.

ಈಗ "ಹಾಲು ಬಂದಿಲ್ಲ" ಅನ್ನೋ ಮಾತು. ಮೊದಲ ರಾತ್ರಿ ಯಾರಿಗೂ ತಂಬಿಗೆ ತುಂಬೋಷ್ಟು ಹಾಲು ಬರಲ್ಲ ಕಣ್ರೀ. ಬರೋದು ಗಿಣ್ಣುಹಾಲು, ಹಳದಿ, ಅಂಟಂಟು, ಚಮಚದಲ್ಲಿ ಅಳೆಯೋಷ್ಟೇ, ಯಾಕಂದ್ರೆ ಅವತ್ತು ಮಗೂಗೂ ಒಂದ್ಸಲಕ್ಕೆ ಐದಾರು ಎಮ್ಮೆಲ್ ಇದ್ರೆ ಸಾಕು. ಎದೆ ಭಾರ ಆಗಿ ಹಾಲು ಇಳಿಯೋದು ಸಾಮಾನ್ಯ ಎರಡ್ಮೂರು ದಿನಕ್ಕೆ, ಸಿಸೇರಿಯನ್ ಆದವರಿಗೆ ಇನ್ನೂ ಸ್ವಲ್ಪ ತಡ ಆಗ್ಬೋದು. ಆ ಮಧ್ಯದ ಎರಡು ರಾತ್ರಿ ಇದ್ಯಲ್ಲ, ಡಬ್ಬಿ ಒಳಗೆ ಬರೋದು ಆವಾಗ್ಲೇ. ಮುಂಚೆ ಆ ರಾತ್ರೀಲಿ ಪಕ್ಕದಲ್ಲಿ ಅಮ್ಮನೋ ದೊಡ್ಡಮ್ಮನೋ ಇರ್ತಿದ್ರು, "ಅಳ್ಲಿ ಬಿಡು, ಇನ್ನೊಂದ್ಸಲ ಹಾಕು" ಅನ್ನೋರು. ಈಗ ಕೋವಿಡ್ ರೂಲ್ಸು ಅಂತ ಜೊತೇಲಿ ಯಾರನ್ನೂ ಬಿಡಲ್ಲ, ವಾರ್ಡಲ್ಲಿ ಸಿಸ್ಟರ್‌ಗಳು ಕಮ್ಮಿ, ಪಿಪಿಇ ಹಾಕ್ಕೊಂಡು ಬೆವರು ಸುರಿಸ್ತಾ ಇರೋರು ಒಂದೊಂದು ತಾಯಿ ಪಕ್ಕ ಅರ್ಧ ಗಂಟೆ ಕೂರೋದೂ ಕಷ್ಟ, ನನಗೆ ಗೊತ್ತು. ಹಂಗಂತ ಒಂದು ಮಾತು ತಿಳ್ಕೊಂಡಿರಿ, ನಮ್ಮ ದೇಶದಲ್ಲಿ 1992ರ ಕಾನೂನು ಇದೆ, 2003ರಲ್ಲಿ ಇನ್ನೂ ಬಿಗಿ ಮಾಡಿದ್ರು, ಪುಡಿ ಹಾಲು ಮತ್ತೆ ಹಾಲಿನ ಬಾಟ್ಲಿ ಜಾಹೀರಾತು ಮಾಡೋ ಹಾಗಿಲ್ಲ, ಬಾಣಂತಿಯರಿಗೆ ಫ್ರೀ ಸ್ಯಾಂಪಲ್ ಹಂಚೋ ಹಾಗೂ ಇಲ್ಲ. ವೈದ್ಯಕೀಯ ಕಾರಣ ಇದ್ರೆ ಡಾಕ್ಟರು ಬರ್ದು ಕೊಡೋದು ಬೇರೆ ವಿಷಯ, ಆ ಕಾರಣ ಏನು ಅಂತ ಕೇಳೋ ಹಕ್ಕು ನಿಮಗಿದೆ.

ಪಂಪಲ್ಲಿ 20 ಎಮ್ಮೆಲ್ ಬಂತು ಅಂದ್ರೆ ಅಷ್ಟೇ ಹಾಲಿರೋದು ಅಂತ ಅಲ್ಲ, ಚೆನ್ನಾಗಿ ಬಾಯಿ ಹಾಕಿದ ಮಗು ಎಳೆಯೋ ಹಾಗೆ ಯಾವ ಪಂಪೂ ಎಳೆಯಲ್ಲ. ಎದೆಹಾಲು ಅನ್ನೋದು ಬಾವಿ ಒರತೆ ಇದ್ದಂಗೆ, ಸೇದಿದಷ್ಟೂ ಊರತ್ತೆ, ಸೇದೋದು ಬಿಟ್ರೆ ಕಟ್ಕೊಳತ್ತೆ. ಮೂರು ಸಲ ಬಾಟ್ಲಿ ಕೊಟ್ರೆ ಆ ಮೂರು ಸಲದ ಸಂದೇಶ ನಿಮ್ಮ ಮೈಗೆ ಹೋಗಲ್ಲ, ನಾಳೆ ಅಷ್ಟು ಕಮ್ಮಿ ತಯಾರಾಗತ್ತೆ, ಆಮೇಲೆ "ನೋಡು ಹೇಳಿರ್ಲಿಲ್ವಾ" ಅನ್ನೋಕೆ ಅತ್ತೆಯವರಿಗೆ ಒಂದು ಕಾರಣ ಸಿಗತ್ತೆ. ಹಂಗಂತ ಇವತ್ತೇ ಬಾಟ್ಲಿ ಕಿತ್ತು ಬಿಸಾಕಿ ಅಂತ ನಾನು ಹೇಳಲ್ಲ, ತೂಕ ಕಮ್ಮಿ ಇರೋ ಮಗು ಉಪವಾಸ ಬೀಳ್ಬಾರ್ದು. ಹಗಲು ರಾತ್ರಿ ಸೇರಿ 8ರಿಂದ 12 ಸಲ ಎದೆಗೆ ಹಾಕಿ, ಪ್ರತಿ ಸಲ ಮೊದಲು ಎದೆ, ಆಮೇಲೇ ಮೇಲಿನ ಹಾಲು. ರಾತ್ರಿ ಹೊತ್ತು ಬಿಡ್ಲೇಬೇಡಿ, ಹಾಲು ತಯಾರು ಮಾಡೋ ಪ್ರೊಲ್ಯಾಕ್ಟಿನ್ ಹಾರ್ಮೋನು ರಾತ್ರೀನೇ ಜಾಸ್ತಿ. ಮೇಲಿನ ಹಾಲು ಕೊಡೋದು ಬಾಟ್ಲೀಲಿ ಬೇಡ, ಒಳಲೆ ಇದ್ರೆ ಒಳಲೆ, ಇಲ್ಲಾಂದ್ರೆ ಚಿಕ್ಕ ವಾಟಿ ಚಮಚ, ಕುದಿಸಿ ತೊಳೆದಿದ್ದು. ಪುಡಿ ಕಲಿಸೋವಾಗ ನೀರು ಕುದಿಸಿ, ತೀರ ಆರೋಕೆ ಬಿಡದೆ ಬಿಸಿ ಇರೋವಾಗ್ಲೇ ಕಲಿಸಿ, ಆಮೇಲೆ ಆರಿಸಿ ಕೊಡಿ, ಡಬ್ಬಿ ಮೇಲಿರೋ ಅಳತೆಗಿಂತ ತೆಳ್ಳಗೆ ಮಾಡ್ಬೇಡಿ, ಡಬ್ಬಿ ಜಾಸ್ತಿ ದಿನ ಬರ್ಲಿ ಅಂತ ನೀರು ಜಾಸ್ತಿ ಹಾಕೋರನ್ನ ನಾನು ನೋಡಿದೀನಿ. ತೂಕ ಏರ್ತಿದೆ ಅಂತ ಡಾಕ್ಟರು ಹೇಳಿದ ಮೇಲೆ ಎರಡ್ಮೂರು ದಿನಕ್ಕೆ ಒಂದು ಹೊತ್ತಿನ ಮೇಲಿನ ಹಾಲು ಕಮ್ಮಿ ಮಾಡ್ತಾ ಬನ್ನಿ.

ನೋವಿನ ವಿಷಯಕ್ಕೆ ಬರ್ತೀನಿ, ನನ್ನ ಪ್ರಕಾರ ಎಲ್ಲಾದ್ರ ಮೂಲ ಅಲ್ಲೇ ಇದೆ. ತೊಟ್ಟು ಒಡೆದಿದೆ ಅಂದ್ರೆ ಮಗು ತೊಟ್ಟು ಮಾತ್ರ ಚೀಪ್ತಿದೆ ಅಂತ. ಮಗು ಮೂಗು ತೊಟ್ಟಿಗೆ ಎದುರು ಬರೋ ಹಾಗೆ ಹಿಡೀರಿ, ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೇಲಿ ಇರ್ಲಿ, ಕತ್ತು ತಿರುಚಿ ಕುಡಿಯೋ ಹಾಗಿರ್ಬಾರ್ದು. ಮೇಲ್ದುಟಿಗೆ ತೊಟ್ಟು ತಾಗಿಸಿ ಕಾಯಿರಿ, ಆಕಳಿಸೋ ಹಾಗೆ ಬಾಯಿ ದೊಡ್ಡದಾಗಿ ತೆಗೀತಲ್ಲ, ಆವಾಗ ಮಗುವನ್ನ ಎದೆ ಹತ್ರ ತನ್ನಿ, ಎದೇನ ಮಗು ಹತ್ರ ಬಗ್ಗಿಸ್ಬೇಡಿ, ಬೆನ್ನು ಹೋಗತ್ತೆ. ಗದ್ದ ಎದೆಗೆ ಒತ್ತಿರ್ಬೇಕು, ಕೆಳತುಟಿ ಹೊರಗೆ ಮಡಚಿರ್ಬೇಕು, ತೊಟ್ಟಿನ ಸುತ್ತಿನ ಕಪ್ಪು ಭಾಗ ಕೆಳಗಿಗಿಂತ ಮೇಲೆ ಜಾಸ್ತಿ ಕಾಣ್ಬೇಕು, ನುಂಗೋ ಶಬ್ದ ಕೇಳ್ಬೇಕು. ಮೊದಲೆರಡು ಎಳೆತಕ್ಕೆ ಚುರ್ ಅನ್ನೋದು ಇರತ್ತೆ, ಅದಾದ ಮೇಲೂ ನೋವಿದ್ರೆ ಸಹಿಸ್ಕೊಂಡು ಕೂರ್ಬೇಡಿ, ಕಿರುಬೆರಳು ಮಗು ಬಾಯಿ ಮೂಲೇಲಿ ತೂರಿಸಿ ಬಿಡಿಸಿ, ಮತ್ತೆ ಹಾಕಿ. ಹೊಲಿಗೆ ಇರೋದ್ರಿಂದ ಮಗೂನ ಹೊಟ್ಟೆ ಮೇಲೆ ಇಡೋದು ಕಷ್ಟ, ಪಕ್ಕಕ್ಕೆ ಕಂಕುಳ ಕೆಳಗೆ ದಿಂಬಿಟ್ಟು, ಮಗು ಕಾಲು ನಿಮ್ಮ ಬೆನ್ನ ಕಡೆ ಹೋಗೋ ಹಾಗೆ ಹಿಡ್ಕೊಂಡು ನೋಡಿ. ಕುಡಿಸಿದ ಮೇಲೆ ನಿಮ್ಮದೇ ಒಂದು ಹನಿ ಹಾಲು ಹಚ್ಚಿ ಗಾಳಿಗೆ ಆರಿಸಿ, ಪ್ರತಿ ಸಲ ಸೋಪು ಹಾಕಿ ತೊಳಿಯೋದು ಬೇಡ.

ಇದೆಲ್ಲ ಓದೋಕೆ ಸುಲಭ, ಕೈಯಲ್ಲಿ ಅಳೋ ಮಗು ಇಟ್ಕೊಂಡು ಮಾಡೋಕೆ ಇನ್ನೊಬ್ಬರ ಕಣ್ಣು ಬೇಕು, ಅದಕ್ಕೇ ವಿಡಿಯೋ ಕಾಲ್ ಧಾರಾಳವಾಗಿ ಮಾಡಿ ಅಂತೀನಿ. ಶುರೂನಲ್ಲಿ ನನಗೂ ನಂಬಿಕೆ ಇರ್ಲಿಲ್ಲ, ಕೈ ಹಿಡಿದು ತೋರಿಸದೆ ಏನು ಬರತ್ತೆ ಅಂತ, ಲಾಕ್‌ಡೌನಲ್ಲಿ ಬೇರೆ ದಾರಿ ಇಲ್ದೆ ಶುರು ಮಾಡಿದ್ದು, ಈಗ ಅರ್ಧಕ್ಕರ್ಧ ತೊಂದ್ರೆ ಫೋನಲ್ಲೇ ಸರಿ ಹೋಗ್ತಿದೆ. ಕಾಲ್ ಮಾಡೋ ರೀತಿ ಮಾತ್ರ ಸರಿ ಇರ್ಬೇಕು. ಗಂಡನ ಕೈಲಿ ಫೋನ್ ಕೊಟ್ರೆ ಅವರು ಸೀಲಿಂಗ್ ಫ್ಯಾನ್ ತೋರಿಸ್ತಾರೆ, ಅದಕ್ಕೆ ಡಬ್ಬಿಗೋ ದಿಂಬಿಗೋ ಒರಗಿಸಿಡಿ. ಕಿಟಕಿ ಬೆಳಕು ನಿಮ್ಮ ಎದುರಿಗಿರ್ಲಿ, ಬೆನ್ನ ಹಿಂದೆ ಇದ್ರೆ ಬರೀ ಕಪ್ಪು ಕಾಣತ್ತೆ. ಕ್ಯಾಮೆರಾ ಮಗುವಿನ ಗದ್ದದ ಮಟ್ಟಕ್ಕೆ ಬರ್ಲಿ, ನಿಮ್ಮ ಮುಖ ಕಾಣ್ದೇ ಇದ್ರೂ ನಡಿಯತ್ತೆ. ದುಪಟ್ಟಾ ಹೊದ್ಕೊಂಡು ಬೇಕಾದಷ್ಟೇ ತೋರಿಸಿ. ಆ ಕಡೆ ಇರೋರು ಹೆಂಗಸೇನಾ, ರೂಮಲ್ಲಿ ಬೇರೆ ಯಾರಾದ್ರೂ ಇದ್ದಾರಾ, ರೆಕಾರ್ಡ್ ಆಗ್ತಿಲ್ಲ ತಾನೇ ಅಂತ ಮೊದಲೇ ಕೇಳಿ, ಕೇಳೋದ್ರಲ್ಲಿ ತಪ್ಪಿಲ್ಲ. ಮಗು ಹಸಿದು ಕಿರುಚೋ ಹೊತ್ತಿಗೆ ಅಪಾಯಿಂಟ್‌ಮೆಂಟ್ ಇಟ್ಕೋಬೇಡಿ, ಕೈ ಬಾಯಿಗೆ ಹಾಕ್ಕೊಳ್ಳೋಕೆ ಶುರು ಮಾಡೋ ಹೊತ್ತು ಸರಿ. ಒಳ್ಳೆ ಕೌನ್ಸೆಲರ್ ಒಂದು ಗೊಂಬೆ, ಬಟ್ಟೇಲಿ ಹೊಲಿದ ಎದೆ ಇಟ್ಕೊಂಡು ತೋರಿಸ್ತಾರೆ, ನೀವು ಅದನ್ನೇ ನೋಡ್ಕೊಂಡು ಮಾಡ್ಬೋದು. ನಿಮ್ಮ ಅಮ್ಮನ್ನೂ ಅದೇ ಕಾಲಿಗೆ ಸೇರಿಸ್ಕೊಳ್ಳಿ, ಶಿವಮೊಗ್ಗದಲ್ಲಿ ಕೂತು ಅವರಿಗೆ ಸಂಕಟ ಆಗ್ತಿರತ್ತೆ. ದುಡ್ಡು ಕೊಟ್ಟು ಕನ್ಸಲ್ಟೆಂಟ್ ಹಿಡಿಯೋಕೆ ಆಗದವರು ಹೆರಿಗೆ ಆದ ಆಸ್ಪತ್ರೆ ವಾರ್ಡಿಗೇ ಫೋನ್ ಮಾಡಿ, ಇಲ್ಲಾಂದ್ರೆ ಹತ್ತಿರದ ಹೆಲ್ತ್ ಪೋಸ್ಟಲ್ಲಿ ಕೇಳಿ, ಸರ್ಕಾರದ ಇ-ಸಂಜೀವನಿಯಲ್ಲೂ ಮನೇಲಿ ಕೂತೇ ಡಾಕ್ಟರ ಹತ್ರ ಪುಕ್ಕಟೆ ಮಾತಾಡ್ಬೋದು. ಒಂದು ಮಾತ್ರ ಫೋನಲ್ಲಿ ಆಗಲ್ಲ: ಎದೆ ಒಂದು ಕಡೆ ಕೆಂಪಾಗಿ ಗಟ್ಟಿಯಾಗಿ ಚಳಿ ಜ್ವರ ಬಂದ್ರೆ, ಅಥವಾ ಮಗು ನಾಲಿಗೆ ಕೆಳಗೆ ಅಂಟಿದೆ ಅನ್ನೋ ಅನುಮಾನ ಬಂದ್ರೆ, ಎದುರಿಗೇ ತೋರಿಸ್ಬೇಕು. ಮತ್ತೆ ಜ್ವರ ಬಂದ ಕೂಡ್ಲೆ ಕೋವಿಡ್ಡೇ ಅಂದ್ಕೊಂಡು ಎದೆ ನೋಡೋದು ಮರೀಬೇಡಿ.

ಅತ್ತೆಯವರಿಗೆ ಏನು ಹೇಳ್ಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನಾನಾಗಿದ್ರೆ ಫೋನ್ ಗಂಡನ ಕೈಗೆ ಕೊಡ್ತಿದ್ದೆ.

ಪ್ರಶ್ನೆ: ಪುಣೆ, ಪಿಂಪ್ರಿಯಿಂದ ಬರೀತಿದೀನಿ ಮೇಡಂ. ಮಗಳಿಗೆ ಒಂದೂವರೆ ತಿಂಗಳು. ನಿನ್ನೆ ನಂದು ಪಾಸಿಟಿವ್ ಬಂತು, ಗಂಡಂದು ನೆಗೆಟಿವ್. ಸೊಸೈಟಿಯವರು ಮಗೂನ ಬೇರೆ ರೂಮಲ್ಲಿ ಇಡಿ ಅಂತಾರೆ, ನಾದಿನಿ ಹಾಲಲ್ಲೇ ವೈರಸ್ ಹೋಗತ್ತೆ ಅಂತಾಳೆ. ಜ್ವರ 100, ಮೈಕೈ ನೋವು ಅಷ್ಟೇ ಇದೆ. ಹಾಲು ಕುಡಿಸ್ಲಾ ಬೇಡ್ವಾ?

ಉತ್ತರ: ಕುಡಿಸಿ. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ಹೇಳ್ತಿರೋದು ಇದೇ, ಭಾರತ ಸರ್ಕಾರದ ಸೂಚನೇನೂ ಇದೇ. ಎದೆಹಾಲಿಂದ ಮಗುವಿಗೆ ಕೋವಿಡ್ ಸೋಂಕು ತಗಲತ್ತೆ ಅನ್ನೋದಕ್ಕೆ ಆಧಾರ ಸಿಕ್ಕಿಲ್ಲ, ಅಂಟೋದು ನಿಮ್ಮ ಉಸಿರು, ಕೆಮ್ಮು, ಸೀನಿನಿಂದ. ಉಲ್ಟಾ ನಿಮ್ಮ ಮೈಯಲ್ಲಿ ತಯಾರಾಗೋ ಆಂಟಿಬಾಡಿ ಹಾಲಲ್ಲೇ ಮಗೂಗೂ ಹೋಗತ್ತೆ. ಮಾಸ್ಕ್ ಸರಿಯಾಗಿ ಹಾಕಿ, ಮೂಗು ಮುಚ್ಚೋ ಹಾಗೆ, ಒದ್ದೆ ಆದ್ರೆ ಬದಲಿಸಿ. ಮಗು ಮುಟ್ಟೋ ಮುಂಚೆ ಆಮೇಲೆ ಕೈ ಸೋಪಲ್ಲಿ ತೊಳೀರಿ, ಎದೆ ಮೇಲೆ ಕೆಮ್ಮಿದ್ರೆ ಮಾತ್ರ ಅಲ್ಲಿ ತೊಳೀರಿ. ಮಗೂಗೆ ಮಾಸ್ಕು, ಮುಖಕ್ಕೆ ಪ್ಲಾಸ್ಟಿಕ್ ಶೀಲ್ಡು ಯಾವ ಕಾರಣಕ್ಕೂ ಬೇಡ, ಉಸಿರು ಕಟ್ಟತ್ತೆ, ಎರಡು ವರ್ಷದ ಒಳಗಿನ ಮಕ್ಕಳಿಗೆ ಮಾಸ್ಕ್ ಹಾಕೋದೇ ಇಲ್ಲ. ಕುಡಿಸಿ ಆದ ಮೇಲೆ ತೇಗಿಸೋದು, ಬಟ್ಟೆ ಬದಲಿಸೋದು, ಆಡಿಸೋದು ಗಂಡ ನೋಡ್ಕೊಳ್ಳಿ, ಕಿಟಕಿ ತೆಗೆದಿಡಿ.

ಸುಸ್ತಾಗಿ ಎತ್ಕೊಳ್ಳೋಕೇ ಆಗ್ದೇ ಇದ್ರೆ ಕೈಯಲ್ಲೋ ಪಂಪಲ್ಲೋ ತೆಗೆದು ಗಂಡನ ಕೈಲಿ ಒಳಲೇಲಿ ಕುಡಿಸಿ, ಪಂಪಿನ ಭಾಗ ಪ್ರತಿ ಸಲ ತೊಳೀರಿ. ಹಾಲು ತೆಗೀದೆ ಎರಡ್ಮೂರು ದಿನ ಸುಮ್ನಿದ್ರೆ ಎದೆ ಕಟ್ಟತ್ತೆ, ಜ್ವರದ ಮೇಲೆ ಇನ್ನೊಂದು ಜ್ವರ. ಪ್ಯಾರಾಸಿಟಮಾಲ್ ತಗೊಳ್ಬೋದು. ಬೇರೆ ಮಾತ್ರೆ ಏನೇ ಬರ್ದ್ರೂ "ನಾನು ಹಾಲು ಕುಡಿಸ್ತಿದೀನಿ" ಅಂತ ಡಾಕ್ಟರಿಗೆ ಬಾಯಿ ಬಿಟ್ಟು ಹೇಳಿ, ವಾಟ್ಸಾಪಲ್ಲಿ ಓಡಾಡೋ ಪ್ರಿಸ್ಕ್ರಿಪ್ಷನ್ ನೋಡ್ಕೊಂಡು ತಗೋಬೇಡಿ, ಅದ್ರಲ್ಲಿರೋ ಫಾವಿಪಿರಾವಿರ್ ಬಸುರಿಯರಿಗೆ, ಹಾಲು ಕುಡಿಸೋರಿಗೆ ಕೊಡೋ ಔಷಧಿ ಅಲ್ಲ. ಆಕ್ಸಿಮೀಟರಲ್ಲಿ 94ಕ್ಕಿಂತ ಕೆಳಗೆ ಹೋದ್ರೆ, ಉಸಿರು ಎಳೆಯೋಕೆ ಕಷ್ಟ ಆದ್ರೆ ಆಸ್ಪತ್ರೆ. ಮಗು ಹಾಲು ಬಿಟ್ರೆ, ಜ್ವರ ಬಂದ್ರೆ, ಉಸಿರಾಟ ಜೋರಾದ್ರೆ ತಕ್ಷಣ ಮಕ್ಕಳ ಡಾಕ್ಟರು, ಮೂರು ತಿಂಗಳ ಒಳಗಿನ ಮಗೂಗೆ ಜ್ವರ ಬಂದ್ರೆ ಕಾದು ನೋಡೋದು ಅನ್ನೋದೇ ಇಲ್ಲ.

ಸೊಸೈಟಿಯವರಿಗೆ ಹೇಳಿ, ಮುಂಬೈಯಲ್ಲಿ ನಾಯರ್ ಆಸ್ಪತ್ರೆಯನ್ನ ಕೋವಿಡ್ ಆಸ್ಪತ್ರೆ ಮಾಡಿದ ಮೇಲೆ ನೂರಾರು ಪಾಸಿಟಿವ್ ತಾಯಂದಿರ ಹೆರಿಗೆ ಅಲ್ಲಿ ಆಗಿದೆ. ನಿಮ್ಮನೇಲಿ ಒಬ್ಬರು ಹಾಲು ಕುಡಿಸಿದ್ರೆ ಲಿಫ್ಟಿಗೇನೂ ಆಗಲ್ಲ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರೀ. ನಾ ಗದಗಿನಾಕಿ, ನನ್ನ ಮಗಳು ಠಾಣಾದಾಗ ಇರ್ತಾಳ್ರೀ, ನಿಮ್ಮ ಪತ್ರಿಕೆ ಆಕೀನ ತೋರಿಸಿದ್ಲು. ಹೋದ ತಿಂಗಳ ಹೆಣ್ಣಕೂಸು ಆಗೇತಿ. ಮೊದಲನೇ ಬಾಣಂತನ ತವರಾಗ ಆಗಬೇಕಿತ್ತು, ಆಕಿಗೆ ಬರಾಕ ಆಗಲಿಲ್ಲ, ನನಗ ಹೋಗಾಕ ಆಗಲಿಲ್ಲ. ಅಂಟಿನ ಉಂಡಿ, ಆಳವಿ, ಒಣಕೊಬ್ಬರಿ ಎಲ್ಲಾ ಕೊರಿಯರ್ ಮಾಡೇನ್ರೀ. ನೀರ ಕಮ್ಮಿ ಕುಡಿ, ಕಾಯಿಪಲ್ಲೆ ಎಲ್ಲಾ ತಿನಬ್ಯಾಡ ಅಂದ್ರ ಕೇಳಂಗಿಲ್ಲ. ಕೂಸಿಗೆ ಬಜಿ ತೇಯ್ದು ಜೇನತುಪ್ಪದಾಗ ನೆಕ್ಕಸು ಅಂದ್ರ, ಡಾಕ್ಟರ್ ಬ್ಯಾಡ ಅಂದಾರ ಅಂತಾಳ. ನಾವೇನ ಮಕ್ಕಳ ಬೆಳಸಿಲ್ಲೇನ್ರೀ?

ಉತ್ತರ: ಬೆಳೆಸಿದೀರಿ ತಾಯಿ, ಅದ್ರಲ್ಲಿ ಅನುಮಾನಾನೇ ಇಲ್ಲ, ನಿಮ್ಮ ಸಿಟ್ಟಿನ ಹಿಂದೆ ಕೂಸಿನ ಮುಖ ನೋಡಿಲ್ಲ ಅನ್ನೋ ಸಂಕಟ ಇದೆ ಅನ್ನೋದೂ ಗೊತ್ತಾಗತ್ತೆ. ಉಂಡಿ ಕಳಿಸಿದ್ದು ತುಂಬ ಒಳ್ಳೇದಾಯ್ತು. ಮೊದಲ ಆರು ತಿಂಗಳು ಹಾಲು ಕುಡಿಸೋ ತಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು, ಒಂಟಿಯಾಗಿರೋ ಬಾಣಂತಿ ಒಲೆ ಮುಂದೆ ನಿಲ್ಲದೆ ಒಂದು ಕೈಲಿ ಮಗು ಹಿಡ್ಕೊಂಡು ಇನ್ನೊಂದು ಕೈಲಿ ತಿನ್ನೋಕೆ ಉಂಡಿಗಿಂತ ಅನುಕೂಲದ್ದು ಯಾವುದೂ ಇಲ್ಲ. ಆಳವೀಲಿ ಕಬ್ಬಿಣ ಇದೆ, ಅಲ್ಲಿ ಮರಾಠಿಯವರೂ ಬಾಣಂತಿಗೆ ಅಳೀವ್ ಲಾಡು ಮಾಡಿಕೊಡ್ತಾರೆ. ಮೆಂತ್ಯ, ಸಬ್ಬಸಿಗೆ, ಬಳ್ಳೊಳ್ಳಿ ಎಲ್ಲಾ ಇರ್ಲಿ, ಅಡುಗೇಲಿ ಬಳಸೋಷ್ಟು. ಆದ್ರೆ ಹಾಲು ಜಾಸ್ತಿ ಮಾಡೋದು ಉಂಡಿ ಅಲ್ಲ, ಕೂಸು ಎಳೆಯೋದು.

ನೀರಿನ ವಿಷಯದಲ್ಲಿ ಮಾತ್ರ ಮಗಳ ಮಾತೇ ಸರಿ. ಬಾಯಾರಿದಾಗೆಲ್ಲ ಕುಡೀಬೇಕು, ಕಮ್ಮಿ ಕುಡಿದ್ರೆ ಮಲಬದ್ಧತೆ, ಉರಿಮೂತ್ರ ಶುರು ಆಗತ್ತೆ, ಹೊಲಿಗೆ ಇದ್ದೋರಿಗೆ ಇನ್ನೂ ಕಷ್ಟ. ತರಕಾರಿ, ಬೇಳೆ, ಹಣ್ಣು ಎಲ್ಲಾ ತಿನ್ಲಿ. ಆಸ್ಪತ್ರೇಲಿ ಕೊಟ್ಟ ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಹೆರಿಗೆ ಆದ ಮೇಲೂ ಆರು ತಿಂಗಳು ಬಿಡ್ಬಾರ್ದು, ನೀವು ಫೋನ್ ಮಾಡಿದಾಗ "ಗುಳಿಗಿ ತಗೊಂಡೇನು?" ಅಂತ ಕೇಳಿ, ಅದು ದೊಡ್ಡ ಉಪಕಾರ. ಕೂಸಿಗೆ ಆರು ತಿಂಗಳ ತನಕ ಎದೆಹಾಲು ಬಿಟ್ಟು ಬೇರೇನೂ ಬೇಡ, ಡಾಕ್ಟರು ಬರೆದ ಡ್ರಾಪ್ಸು ಬಿಟ್ರೆ ನೀರೂ ಬೇಡ, ಬಜೇನೂ ಬೇಡ. ಜೇನುತುಪ್ಪವಂತೂ ಒಂದು ವರ್ಷದ ತನಕ ಮುಟ್ಟಿಸ್ಬಾರ್ದು, ಅದ್ರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ದೊಡ್ಡವರ ಹೊಟ್ಟೇಲಿ ಸುಮ್ನಿರತ್ತೆ, ಕೂಸಿನ ಕರುಳಲ್ಲಿ ಬೆಳೆದು ವಿಷ ಬಿಡತ್ತೆ, ಮೈ ನರ ಎಲ್ಲಾ ಸಡಿಲ ಆಗೋ ಕಾಯಿಲೆ ಬರತ್ತೆ. ಅಪರೂಪ ನಿಜ, ಬಂದ್ರೆ ಐಸಿಯು.

ನಿಮ್ಮ ಕೋವಿಡ್ ಲಸಿಕೆ ಎರಡೂ ಡೋಸ್ ಮುಗಿಸ್ಕೊಂಡು, ಮಳೆ ಸ್ವಲ್ಪ ಕಮ್ಮಿ ಆದ್ಮೇಲೆ ಹೊರಡಿ. ಅಲ್ಲೀ ತನಕ ದಿನಾ ಸಂಜೆ ಫೋನ್ ಮಾಡಿ. ಆ ಹೊತ್ತಲ್ಲಿ ಕೂಸುಗಳು ಬಿಟ್ಟೂ ಬಿಡದೆ ಎದೆ ಕೇಳ್ತಾವೆ, ಹಾಲು ಸಾಲ್ತಿಲ್ಲ ಅಂತ ತಾಯಂದಿರು ಅಳೋದೂ ಆವಾಗ್ಲೇ. "ಎಲ್ಲಾ ಕೂಸೂ ಹಿಂಗೇ ಮಾಡ್ತಾವ, ನೀನೂ ಹಿಂಗೇ ಮಾಡ್ತಿದ್ದಿ" ಅಂತ ನೀವು ಹೇಳಿದ್ರೆ ಅವಳು ನಂಬ್ತಾಳೆ, ನಾನು ಬರೆದ್ರೆ ಅಷ್ಟು ನಂಬಲ್ಲ.

ಪ್ರಶ್ನೆ: ನಾನು ಗೋವಾದ ವಾಸ್ಕೋದಲ್ಲಿರೋದು, ಊರು ಹಾವೇರಿ. ಹೆಂಡ್ತಿಗೆ ಹೆರಿಗೆ ಆಗಿ ಮೂರು ವಾರ, ಮನೇಲಿ ನಾವಿಬ್ರೇ. ಹಾಲು ಕುಡಿಸೋ ವಿಷಯದಲ್ಲಿ ನನ್ನಿಂದ ಏನ್ ಆಗತ್ತೆ ಅಂತ ಗೊತ್ತಾಗ್ತಿಲ್ಲ. ಅವಳು ಸುಮ್ಸುಮ್ನೆ ಅಳ್ತಾಳೆ, ಕೇಳಿದ್ರೆ ಏನಿಲ್ಲ ಅಂತಾಳೆ. ಗಂಡಸರು ಈ ಕಾಲಂಗೆ ಬರೀಬೋದಾ?

ಉತ್ತರ: ಬರೀಬೋದು, ಬರೀರಿ, ಇನ್ನೂ ನಾಲ್ಕು ಜನಕ್ಕೆ ಹೇಳಿ. ಅವಳು ಕುಡಿಸೋಕೆ ಕೂತ ಕೂಡ್ಲೆ ಒಂದು ದೊಡ್ಡ ಲೋಟ ನೀರು, ಬೆನ್ನಿಗೆ ದಿಂಬು, ಫೋನು ಅವಳ ಕೈಗೆ ಸಿಗೋ ಹಾಗೆ ಇಡಿ. ರಾತ್ರಿ ಮಗು ಎದ್ದಾಗ ನೀವೇ ಎತ್ತಿ ತಂದು ಅವಳ ಪಕ್ಕ ಮಲಗಿಸಿ, ಕುಡಿದಾದ ಮೇಲೆ ಹೆಗಲಿಗೆ ಹಾಕ್ಕೊಂಡು ತೇಗಿಸಿ, ಬಟ್ಟೆ ಬದಲಿಸಿ, ಅವಳು ಕಣ್ಣು ಮುಚ್ಚಿಕೊಂಡೇ ಇರ್ಲಿ. ಅಡುಗೆ ಅನ್ನ ಸಾರು ಸಾಕು, ಆದ್ರೆ ನೀವೇ ಮಾಡಿ, "ಉಪ್ಪಿನ ಡಬ್ಬಿ ಎಲ್ಲಿದೆ" ಅಂತ ಕೇಳ್ಬೇಡಿ. ಊರಿಂದ ಬರೋ ಫೋನೆಲ್ಲ ನೀವೇ ಎತ್ತಿ, ಹಾಲಿದ್ಯಾ ಹಾಲಿದ್ಯಾ ಅಂತ ದಿನಕ್ಕೆ ಹತ್ತು ಜನ ಕೇಳಿದ್ರೆ ಯಾರಿಗಾದ್ರೂ ಅನುಮಾನ ಬರತ್ತೆ. ಹಾಲು ತಯಾರಾಗೋದು ಒಂದು, ಅದು ಇಳಿದು ಬರೋದು ಇನ್ನೊಂದು. ಆಕ್ಸಿಟೋಸಿನ್ ಅನ್ನೋ ಹಾರ್ಮೋನು ಇಳಿಸೋದು, ಹೆದರಿಕೆ, ನೋವು, ಸಿಟ್ಟು ಇದ್ದಾಗ ಅದು ಹಿಡ್ಕೊಳತ್ತೆ. ಅವಳನ್ನ ನಿರಾಳ ಇಡೋದು ಹಾಲಿನ ಕೆಲಸವೇ.

ಅಳು ವಿಷಯ ಹಗುರ ಮಾಡ್ಬೇಡಿ. ಹೆರಿಗೆ ಆದ ಮೊದಲೆರಡು ವಾರ ಕಾರಣ ಇಲ್ದೆ ಅಳು ಬರೋದು ತುಂಬ ಜನಕ್ಕೆ ಇರತ್ತೆ, ತಾನಾಗೇ ಕಮ್ಮಿ ಆಗತ್ತೆ. ನಿಮ್ಮದು ಮೂರು ವಾರ ಆಯ್ತು. ಮಗು ಮಲಗಿದ್ರೂ ಅವಳಿಗೆ ನಿದ್ದೆ ಬರ್ತಿಲ್ವಾ, ಊಟ ಸೇರ್ತಿಲ್ವಾ, ಮಗು ಕಡೆ ಮನಸ್ಸೇ ಇಲ್ವಾ, ನಾನಿರೋದೇ ದಂಡ ಅನ್ನೋ ಮಾತು ಬರ್ತಿದ್ಯಾ, ಇದ್ರಲ್ಲಿ ಯಾವುದಿದ್ರೂ ಡಾಕ್ಟರ ಹತ್ರ ಮಾತಾಡಿಸಿ, ಸಾಯೋ ಮಾತು ಬಂದ್ರೆ ಅವತ್ತೇ, ಒಬ್ಬಳನ್ನೇ ಬಿಡ್ಬೇಡಿ. ಕೇಂದ್ರ ಸರ್ಕಾರದ ಸಹಾಯವಾಣಿ (2021ರಲ್ಲಿ ಕಿರಣ್ ಇತ್ತು, ಈಗ ಟೆಲಿ ಮಾನಸ್ 14416) ಹಗಲು ರಾತ್ರಿ ಇದೆ, ಕನ್ನಡದಲ್ಲೂ ಮಾತಾಡ್ತಾರೆ. ಇದಕ್ಕೆ ಔಷಧಿ ಇದೆ, ಹಾಲು ಬಿಡಿಸ್ದೆ ಕೊಡೋ ಔಷಧಿಗಳೂ ಇವೆ. "ಏನಿಲ್ಲ" ಅಂದಾಗ ಎದ್ದು ಹೋಗ್ಬೇಡಿ, ಪಕ್ಕದಲ್ಲಿ ಕೂತಿರಿ.

ಪ್ರಶ್ನೆ: ಪುಣೆ ಹಿಂಜೆವಾಡಿ ಕಂಪೆನೀಲಿ ಕೆಲಸ, ಈಗ ವರ್ಕ್ ಫ್ರಂ ಹೋಮ್. ಮುಂದಿನ ತಿಂಗಳು ರಜೆ ಮುಗಿಯತ್ತೆ. ಮೀಟಿಂಗ್ ಮಧ್ಯೆ ಹೆಂಗೆ? ತೆಗೆದಿಟ್ಟ ಹಾಲು ಎಷ್ಟೊತ್ತು ಇರತ್ತೆ?

ಉತ್ತರ: ಹೊರಗಡೆ ನಾಲ್ಕು ಗಂಟೆ, ಅದೂ ರೂಮು 25 ಡಿಗ್ರಿ ಒಳಗಿದ್ರೆ, ಸೆಖೆ ಇದ್ರೆ ತೆಗೆದ ಕೂಡ್ಲೆ ಫ್ರಿಜ್ಜಿಗೆ. ಫ್ರಿಜ್ಜಲ್ಲಿ ನಾಲ್ಕು ದಿನ, ಬಾಗಿಲ ಹತ್ರ ಅಲ್ಲ, ಹಿಂದಕ್ಕೆ ಇಡಿ. ಬೇರೆ ಬಾಗಿಲಿರೋ ಫ್ರೀಜರಲ್ಲಿ ಆರು ತಿಂಗಳು. ಡಬ್ಬಿ ಮೇಲೆ ತಾರೀಕು ಬರೀರಿ. ಬಿಸಿನೀರಿನ ಪಾತ್ರೇಲಿ ಇಟ್ಟು ಬೆಚ್ಚಗೆ ಮಾಡಿ, ಮೈಕ್ರೋವೇವ್ ಬೇಡ, ಮಗು ಕುಡಿದು ಉಳಿದದ್ದು ಎರಡು ಗಂಟೆ ಆದ್ಮೇಲೆ ಚೆಲ್ಲಿ. ಮನೇಲೇ ಇದೀರಲ್ಲ, ಆದಷ್ಟು ನೇರ ಕುಡಿಸಿ, ಕ್ಯಾಲೆಂಡರಲ್ಲಿ ಆ ಹೊತ್ತು ಬ್ಲಾಕ್ ಮಾಡಿ, ಕ್ಯಾಮೆರಾ ಆಫ್. ಹೆರಿಗೆ ರಜೆ ಕಾನೂನಿಗೆ 2017ರಲ್ಲಿ ಆದ ತಿದ್ದುಪಡಿ ಪ್ರಕಾರ ಮೊದಲೆರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಇದೆ, 50 ಅಥವಾ ಅದಕ್ಕಿಂತ ಜಾಸ್ತಿ ಜನ ಇರೋ ಕಡೆ ಶಿಶುಪಾಲನಾ ಕೇಂದ್ರ ಇರ್ಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಬರ್ಬೋದು. ಆಮೇಲೆ ಮನೆಯಿಂದ ಕೆಲಸ ಮಾಡೋದನ್ನ ಒಪ್ಪಂದದ ಮೇಲೆ ಮುಂದುವರಿಸೋಕೂ ಅದೇ ಕಾನೂನಲ್ಲಿ ಅವಕಾಶ ಇದೆ. ಎಚ್ಆರ್‌ಗೆ ಈಗ್ಲೇ ಮೇಲ್ ಹಾಕಿ.

ಪ್ರಶ್ನೆ: ಚೆಂಬೂರಿಂದ. ತಂಗಿ ಮಗು 32 ವಾರಕ್ಕೆ ಹುಟ್ಟಿದೆ, ಎಳೆಗೂಸುಗಳ ಐಸಿಯು ಅಂದ್ರೆ ಎನ್‌ಐಸಿಯುನಲ್ಲಿದೆ. ಅವಳಿಗೆ ಹಾಲು ಸಾಲ್ತಿಲ್ಲ. ಬಿಲ್ಡಿಂಗಲ್ಲಿ ಒಬ್ಬರು ತಮ್ಮ ಹಾಲು ಕೊಡ್ತೀನಿ ಅಂತಿದಾರೆ, ತಗೊಳ್ಬೋದಾ?

ಉತ್ತರ: ಅವರ ಮನಸ್ಸು ದೊಡ್ಡದು, ಆದ್ರೆ ಹಂಗೆ ನೇರ ತಗೋಬೇಡಿ, ಅದೂ ತಿಂಗಳು ತುಂಬದ ಮಗೂಗೆ. ಹತ್ತಿರದಲ್ಲೇ ಸಾಯನ್ ಆಸ್ಪತ್ರೆ ಇದೆ, 1989ರಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅಲ್ಲಿ ಎದೆಹಾಲಿನ ಬ್ಯಾಂಕ್ ಶುರು ಮಾಡಿದ್ರು, ಏಷ್ಯಾದಲ್ಲೇ ಮೊದಲನೇದು. ಇಂಥ ಬ್ಯಾಂಕಲ್ಲಿ ಕೊಡೋ ತಾಯಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಎಲ್ಲಾ ಪರೀಕ್ಷೆ ಮಾಡ್ತಾರೆ, ಹಾಲನ್ನ 62.5 ಡಿಗ್ರೀಲಿ 30 ನಿಮಿಷ ಇಟ್ಟು ಪಾಶ್ಚರೀಕರಣ ಮಾಡಿ, ಕಲ್ಚರ್ ಟೆಸ್ಟ್ ಮಾಡಿ ಕೊಡ್ತಾರೆ. ನಿಮ್ಮ ಎನ್‌ಐಸಿಯು ಡಾಕ್ಟರ ಮೂಲಕವೇ ಕೇಳಿಸಿ, ಪಕ್ಕದ ಮನೆಯವರಿಗೂ ಅಲ್ಲೇ ಹೋಗಿ ದಾನ ಕೊಡೋಕೆ ಹೇಳಿ. ತಂಗಿ ಮಾತ್ರ ಎರಡ್ಮೂರು ಗಂಟೆಗೊಂದ್ಸಲ ಹಾಲು ತೆಗಿಯೋದು ನಿಲ್ಲಿಸ್ಬಾರ್ದು, ಹನಿ ಬಂದ್ರೂ ಅದನ್ನೇ ಕಳಿಸ್ಲಿ. ಡಾಕ್ಟರು ಒಪ್ಪಿದ್ರೆ ಮಗೂನ ಬರೀ ಎದೆ ಮೇಲೆ ಮಲಗಿಸ್ಕೊಳ್ಳೋ ಕಾಂಗರೂ ಕೇರ್ ಮಾಡ್ಲಿ, ಕೋವಿಡ್ ಇದೆ ಅಂತ ಎನ್‌ಐಸಿಯುಗೆ ತಾಯೀನೇ ಬಿಡ್ತಿಲ್ಲ ಅಂದ್ರೆ ಕಾರಣ ಕೇಳಿ, ನೆಗೆಟಿವ್ ರಿಪೋರ್ಟ್ ತೋರಿಸಿ, ಇನ್ನೊಂದ್ಸಲ ಕೇಳಿ.

ಪ್ರಶ್ನೆ: ಕೋವಿಡ್ ಲಸಿಕೆ ಹಾಕಿಸ್ಕೊಂಡ್ರೆ ಎಷ್ಟು ದಿನ ಹಾಲು ಕುಡಿಸ್ಬಾರ್ದು? (ಮುಲುಂಡ್)

ಉತ್ತರ: ಒಂದು ಹೊತ್ತೂ ಬಿಡೋದು ಬೇಡ. ಹಾಲು ಕುಡಿಸೋ ತಾಯಂದಿರಿಗೆ ಲಸಿಕೆ ಕೊಡ್ಬೋದು ಅಂತ ಕೇಂದ್ರ ಆರೋಗ್ಯ ಇಲಾಖೆ 2021ರ ಮೇ 19ಕ್ಕೇ ಹೇಳಿದೆ. ನಿಮಗೆ ಕೋವಿಡ್ ಬಂದು ಹೋಗಿದ್ರೆ ಮಾತ್ರ ಅದೇ ಸೂಚನೆ ಪ್ರಕಾರ ವಾಸಿಯಾಗಿ ಮೂರು ತಿಂಗಳು ಬಿಟ್ಟು ಹಾಕಿಸ್ಕೊಳ್ಳಿ. ಸೆಂಟರಲ್ಲಿ "ಹಾಲು ಕುಡಿಸೋರಿಗೆ ಇಲ್ಲ" ಅಂದ್ರೆ ಆ ಸುದ್ದಿ ಫೋನಲ್ಲಿ ತೆಗೆದು ತೋರಿಸಿ. ಮನೇಲಿ ಕುಡಿಸಿ ಹೊರಡಿ, ಲೈನು ಉದ್ದ ಇರತ್ತೆ, ಮಗೂನ ಆ ಗುಂಪಿಗೆ ಕರ್ಕೊಂಡು ಹೋಗ್ಬೇಡಿ. ಸಂಜೆ ಜ್ವರ ಬಂದ್ರೆ ಪ್ಯಾರಾಸಿಟಮಾಲ್ ತಗೊಂಡು ಪಕ್ಕಕ್ಕೆ ಮಲಗಿ ಕುಡಿಸಿ, ಚುಚ್ಚಿದ ತೋಳು ಮೇಲೆ ಬರೋ ಹಾಗೆ.